ಕಲಬುರಗಿಯಲ್ಲಿ ಕೂತು ಎಕ್ಸಿಟಾನ್ ಹಿಡಿಯುವುದು ಹೇಗೆ

ಎಂಎಸ್ಸಿ ಫಿಸಿಕ್ಸ್ ಕೊನೆಯ ಸೆಮಿಸ್ಟರ್ ಶುರುವಾದರೆ ಹುಡುಗರು ಪ್ರಾಜೆಕ್ಟ್ ವಿಷಯ ಹುಡುಕಿಕೊಂಡು ಬರುತ್ತಾರೆ. ಈಚೆಗೆ ಅರ್ಧ ಜನರ ಬಾಯಲ್ಲಿ ಒಂದೇ ಮಾತು. "ಸರ್, ಟು-ಡಿ ಮಟೀರಿಯಲ್ ಮ್ಯಾಲ ಏನರ ಕೊಡ್ರಿ." ಟು-ಡಿ ಅಂದರೆ ಒಂದೆರಡು ಪದರದಷ್ಟೇ ದಪ್ಪದ ವಸ್ತು. ಕೊಡಬಹುದು. ಆದರೆ ಎರಡನೇ ಮಾತೂ ಎಲ್ಲರದೂ ಒಂದೇ. "ಅದಕ್ಕ ಬೇಕಾದ ಮಷೀನ್ ನಮ್ಮ ಹತ್ರ ಎಲ್ಲಿ ಅದಾವ್ರಿ?"

ಇವೆ. ಒಂದು ಟೇಪ್ ರೋಲ್, ಒಂದು ಮೈಕ್ರೋಸ್ಕೋಪ್, ಯಾವ ಬಣ್ಣದ ಬೆಳಕನ್ನು ವಸ್ತು ಎಷ್ಟು ಹೀರುತ್ತದೆ ಅಂತ ಅಳೆಯುವ ಒಂದು ಯುವಿ-ವಿಸ್, ಒಂದು ಕ್ಯಾಲ್ಕುಲೇಟರ್. ಮುಕ್ಕಾಲು ಕೆಲಸ ಇಷ್ಟರಲ್ಲೇ ಆಗುತ್ತದೆ. ಉಳಿದ ಕಾಲು ಭಾಗಕ್ಕೆ ಒಮ್ಮೆ ಬೆಂಗಳೂರಿಗೆ ಹೋಗಿ ಬಂದರೆ ಸಾಕು. ನಾನು ನೋಡಿದ ಮಟ್ಟಿಗೆ ಹುಡುಗರು ಸೋಲುವುದು ಮಷೀನ್ ಇಲ್ಲದ್ದಕ್ಕಲ್ಲ. ಅಳೆದದ್ದು ಒಂದು, ರಿಪೋರ್ಟ್‌ನಲ್ಲಿ ಬರೆದದ್ದು ಇನ್ನೊಂದು ಆಗಿರುತ್ತದೆ. ಎಕ್ಸಿಟಾನ್ ಅಳೆದು ಬ್ಯಾಂಡ್ ಗ್ಯಾಪ್ ಅಂತ ಬರೆಯುತ್ತಾರೆ (ಎರಡೂ ಏನು ಅಂತ ಮುಂದೆ ಹೇಳುತ್ತೇನೆ). ಈ ಲೇಖನ ಮುಖ್ಯವಾಗಿ ಆ ತಪ್ಪು ಆಗದಿರಲಿ ಅಂತ. ದಾರಿಯಲ್ಲಿ ಟೇಪ್ ಎಳೆಯುವ ಕೆಲಸವನ್ನೂ ಹೇಳಿಬಿಡುತ್ತೇನೆ.

ಏನು ಹಿಡಿಯುತ್ತಿದ್ದೇವೆ

ಶಹಾಬಾದ್ ಕಡೆಯವರಿಗೆ ಪದರದ ವಸ್ತು ಅಂದರೆ ಏನು ಅಂತ ವಿವರಿಸಬೇಕಿಲ್ಲ. ಗಣಿಯಲ್ಲಿ ಬಂಡೆಯ ಅಂಚಿಗೆ ಉಳಿ ಇಟ್ಟು ಹದವಾಗಿ ಏಟು ಹಾಕಿದರೆ ಫರಸಿ ಹಾಳೆಯಂತೆ ಎದ್ದು ಬರುತ್ತದೆ. ಅಡ್ಡಕ್ಕೆ ಹೊಡೆದರೆ ಪುಡಿ. ಪದರದ ಒಳಗೆ ಕಲ್ಲು ಗಟ್ಟಿ, ಪದರ ಪದರದ ನಡುವೆ ಹಿಡಿತ ಕಡಿಮೆ. ಮಾಲಿಬ್ಡಿನಮ್ ಡೈಸಲ್ಫೈಡ್ ಕೂಡ ಹಾಗೆಯೇ. ಇದರ ಪೂರ್ತಿ ಹೆಸರು ಉದ್ದ, ಲ್ಯಾಬ್‌ನಲ್ಲಿ ನಾವು ಮಾಲಿ ಅನ್ನುತ್ತೇವೆ. ತೋಟದ ಮಾಲಿ ಅಲ್ಲ, ಗ್ಯಾರೇಜ್‌ನವರು ಹೇಳುವ ಮಾಲಿ ಗ್ರೀಸ್‌ನ ಮಾಲಿ. ಆ ಗ್ರೀಸ್ ಕಪ್ಪಗಿರುವುದು, ಜಾರುವುದು ಇದೇ ಪುಡಿಯಿಂದ. ಪದರಗಳು ಒಂದರ ಮೇಲೊಂದು ಸರಿಯುತ್ತವೆ, ಅದಕ್ಕೇ ಜಾರುತ್ತದೆ.

ಒಂದು ಪದರದ ದಪ್ಪ ಸುಮಾರು 0.65 ನ್ಯಾನೋಮೀಟರ್. ಮೇಲೊಂದು ರೊಟ್ಟಿ, ಕೆಳಗೊಂದು ರೊಟ್ಟಿ, ನಡುವೆ ಶೇಂಗಾ ಹಿಂಡಿ ಹಚ್ಚಿದ ಹಾಗೆ ಎರಡು ಗಂಧಕದ ಸಾಲುಗಳ ನಡುವೆ ಒಂದು ಮಾಲಿಬ್ಡಿನಮ್ ಸಾಲು. ಈ ಮೂರು ಸಾಲು ಸೇರಿ ಒಂದು ಪದರ.

ಈಗ ಬೆಳಕು. ಸೆಮಿಕಂಡಕ್ಟರ್‌ನಲ್ಲಿ ಎಲೆಕ್ಟ್ರಾನ್ ಇರಬಹುದಾದ ಶಕ್ತಿಯ ಪಟ್ಟಿಗಳಿಗೆ ಬ್ಯಾಂಡ್ ಅನ್ನುತ್ತಾರೆ, ಕೆಳಗಿನದಕ್ಕೂ ಮೇಲಿನದಕ್ಕೂ ನಡುವಿನ ಅಂತರವೇ ಬ್ಯಾಂಡ್ ಗ್ಯಾಪ್. ಸೆಮಿಕಂಡಕ್ಟರ್ ಮೇಲೆ ಬೆಳಕು ಬಿದ್ದರೆ ಕೆಳಗಿನ ಬ್ಯಾಂಡ್‌ನಲ್ಲಿದ್ದ ಎಲೆಕ್ಟ್ರಾನ್ ಮೇಲಿನ ಬ್ಯಾಂಡ್‌ಗೆ ಹಾರುತ್ತದೆ. ಅದು ಬಿಟ್ಟುಹೋದ ಖಾಲಿ ಜಾಗವೇ ಹೋಲ್. ಎಲೆಕ್ಟ್ರಾನ್ ಮೈನಸ್, ಹೋಲ್ ಪ್ಲಸ್. ಒಂದನ್ನೊಂದು ಎಳೆಯುತ್ತವೆ. ಜೋಡಿಯಾಗಿ ಸುತ್ತತೊಡಗಿದರೆ ಆ ಜೋಡಿಯ ಹೆಸರು ಎಕ್ಸಿಟಾನ್. ಈ ಯೋಚನೆ ಹಳೆಯದು. ಫ್ರೆಂಕೆಲ್ 1931ರಲ್ಲಿ, ವಾನಿಯರ್ 1937ರಲ್ಲಿ ಬರೆದಿದ್ದರು. ಜೋಡಿಯನ್ನು ಬಿಡಿಸಲು ಬೇಕಾದ ಶಕ್ತಿಯೇ ಬೈಂಡಿಂಗ್ ಎನರ್ಜಿ.

ಗ್ಯಾಲಿಯಂ ಆರ್ಸೆನೈಡ್‌ನಲ್ಲಿ ಈ ಶಕ್ತಿ ಸುಮಾರು 4 ಮಿಲಿ ಎಲೆಕ್ಟ್ರಾನ್ ವೋಲ್ಟ್, ಸಿಲಿಕಾನ್‌ನಲ್ಲಿ ಸುಮಾರು 15. ಇನ್ನು ಮುಂದೆ ಎಲೆಕ್ಟ್ರಾನ್ ವೋಲ್ಟ್ ಅನ್ನೋದನ್ನ ಇವಿ ಅಂತಲೇ ಬರೆಯುತ್ತೇನೆ. ರೂಮಿನ ಬಿಸಿಗೆ ಕಣಗಳು ಅಲ್ಲಾಡುವ ಶಕ್ತಿ ಸುಮಾರು 26 ಮಿಲಿ ಇವಿ. ನಮ್ಮ ಮೇ ತಿಂಗಳ 42 ಡಿಗ್ರಿಯಲ್ಲಿ 27. ಹಾಗಾಗಿ ಈ ಎರಡರಲ್ಲೂ ಎಕ್ಸಿಟಾನ್ ಹುಟ್ಟುತ್ತಲೇ ಒಡೆದುಹೋಗುತ್ತದೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ. ಒಂಟಿ ಪದರದ ಮಾಲಿಯಂಥವುಗಳಲ್ಲಿ ಇದೇ ಶಕ್ತಿ ನೂರಾರು ಮಿಲಿ ಇವಿ. ಬಿಸಿಲಿಗೆ ಜಪ್ಪಯ್ಯ ಅನ್ನುವುದಿಲ್ಲ.

ಯಾಕೆ ಇಷ್ಟು ಗಟ್ಟಿ? ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಸಂಜೆ ಹೊತ್ತು ಹತ್ತು ಮಾರು ದೂರದ ಗೆಳೆಯನನ್ನು ಕೂಗಿ ನೋಡಿ. ನಡುವೆ ಜನ, ಗಾಡಿ, ಗದ್ದಲ. ಅವನಿಗೆ ಕೇಳುವುದಿಲ್ಲ. ಅದೇ ಮಾಳಿಗೆ ಮೇಲೆ ನಿಂತು ಪಕ್ಕದ ಮನೆ ಮಾಳಿಗೆಗೆ ಕೂಗಿದರೆ ಮೆಲ್ಲಗೆ ಕರೆದರೂ ಕೇಳುತ್ತದೆ. ದಪ್ಪ ಹರಳಿನ ಒಳಗೆ ಎಲೆಕ್ಟ್ರಾನ್ ಹೋಲನ್ನು ಎಳೆಯುವಾಗ ನಡುವಿನ ಪರಮಾಣುಗಳೆಲ್ಲ ಅಡ್ಡ ಬಂದು ಆ ಎಳೆತವನ್ನು ಮಂಕು ಮಾಡುತ್ತವೆ. ಒಂಟಿ ಪದರದಲ್ಲಿ ಮೇಲೂ ಗಾಳಿ, ಕೆಳಗೂ ಗಾಳಿ. ಎಳೆತದ ಗೆರೆಗಳು ಬಹುಪಾಲು ಹೊರಗಿನಿಂದಲೇ ಹಾದು ಬರುತ್ತವೆ, ಅಡ್ಡ ಬರುವವರಿಲ್ಲ. ಮೇಲಾಗಿ ಎರಡಕ್ಕೂ ಓಡಾಡಲು ಒಂದು ಹಾಳೆಯಷ್ಟೇ ಜಾಗ. ಈ ಎರಡು ಕಾರಣ ನೆನಪಿಡಿ, ಲೆಕ್ಕ ಮಾಡುವಾಗ ಮತ್ತೆ ಬೇಕಾಗುತ್ತದೆ.

ಸಾಮಾನು ತರುವಾಗ

ಮಾಲಿ ಹರಳು ಕೆಲವು ಮಿಲಿಮೀಟರ್ ಅಗಲದ್ದು ಒಂದು ಸಾಕು, ಅದರಲ್ಲಿ ಎರಡು ಬ್ಯಾಚ್ ಪ್ರಾಜೆಕ್ಟ್ ಮುಗಿಯುತ್ತದೆ. ನೆಲದಿಂದ ತೆಗೆದದ್ದೂ ಸಿಗುತ್ತದೆ, ಲ್ಯಾಬ್‌ನಲ್ಲಿ ಬೆಳೆಸಿದ್ದೂ ಸಿಗುತ್ತದೆ. ಟೇಪ್ ಕೆಲಸಕ್ಕೆ ಪುಡಿ ತರಬೇಡಿ. ಪುಡಿ ಅಗ್ಗ, ಆದರೆ ಅದರ ಕಣಗಳು ಆಗಲೇ ಚಿಕ್ಕವಾಗಿರುತ್ತವೆ. ಫರಸಿ ಬೇಕಾದವನು ಜಲ್ಲಿ ಕೊಂಡ ಹಾಗೆ. ಪುಡಿಗೆ ಬೇರೆ ಕೆಲಸ ಇದೆ, ಮುಂದೆ ಬರುತ್ತದೆ.

ಟೇಪ್‌ನಿಂದ ಎದ್ದು ಬರುವ ತೆಳು ಚಕ್ಕೆಯನ್ನು ಇಡಲು ಸಿಲಿಕಾನ್ ವೇಫರ್, ಅಂದರೆ ತೆಳು ಬಿಲ್ಲೆ, ಬೇಕು. ಬರೀ ಸಿಲಿಕಾನ್ ಅಲ್ಲ, ಮೇಲೆ 285ರಿಂದ 300 ನ್ಯಾನೋಮೀಟರ್ ಆಕ್ಸೈಡ್ ಇರುವುದು. ಅದು ನೇರಳೆ ಬಣ್ಣ ಹೊಡೆಯುತ್ತದೆ. 90 ನ್ಯಾನೋಮೀಟರ್‌ನದೂ ನಡೆಯುತ್ತದೆ. ಆರ್ಡರ್ ಹಾಕುವಾಗ ಈ ದಪ್ಪವನ್ನು ಬರೆಯಲೇಬೇಕು. ಬಿದ್ರಿ ಹೂಜಿಯ ಮೇಲೆ ಬೆಳ್ಳಿ ತಂತಿ ಅಷ್ಟು ಎದ್ದು ಕಾಣುವುದು ಯಾಕೆ? ಹಿನ್ನೆಲೆ ಕಪ್ಪು ಮಾಡಿರುತ್ತಾರೆ. ಅದೇ ಬೆಳ್ಳಿ ತಂತಿಯನ್ನು ಕಪ್ಪು ಮಾಡದ ಸತುವಿನ ಮೇಲೆ ಕೂರಿಸಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಇಲ್ಲೂ ಹಿನ್ನೆಲೆಯದೇ ಕರಾಮತ್ತು. ಆಕ್ಸೈಡ್‌ನ ಮೇಲಿನಿಂದ ಮತ್ತು ಕೆಳಗಿನಿಂದ ಹೊರಳಿ ಬರುವ ಬೆಳಕು ಒಂದಕ್ಕೊಂದು ಸೇರುತ್ತವೆ. ದಪ್ಪ ಸರಿಯಾಗಿದ್ದರೆ, ಮೇಲೆ ಅರ್ಧ ನ್ಯಾನೋಮೀಟರ್ ಚಿಲ್ಲರೆಯ ಹಾಳೆ ಬಂದರೂ ಬಣ್ಣ ತುಸು ಬದಲಾಗುತ್ತದೆ. ಆ ತುಸುವೇ ನಮಗೆ ಬೇಕಾದದ್ದು.

ಟೇಪ್: ವೇಫರ್ ಕತ್ತರಿಸುವಾಗ ಬಳಸುವ ನೀಲಿ ಟೇಪ್ ಸಿಕ್ಕರೆ ಒಳ್ಳೆಯದು, ಅಂಟು ಕಡಿಮೆ ಬಿಡುತ್ತದೆ. ಇಲ್ಲದಿದ್ದರೆ ಮಂಜು ಮಂಜಾಗಿ ಕಾಣುವ ಆಫೀಸ್ ಟೇಪ್. ಪಾರ್ಸೆಲ್‌ಗೆ ಹಚ್ಚುವ ಕಂದು ಟೇಪ್ ಮಾತ್ರ ಬೇಡವೇ ಬೇಡ.

ಉಳಿದದ್ದು ಅಸಿಟೋನ್, ಐಸೋಪ್ರೊಪೈಲ್ ಆಲ್ಕೋಹಾಲ್, ತುದಿ ಚೂಪಾದ ಚಿಮಟ, ಕ್ಯಾಮೆರಾ ಧೂಳು ಊದುವ ರಬ್ಬರ್ ಬಲ್ಬ್. ಒಂದು ಎಚ್ಚರಿಕೆ. ಕರೆಂಟ್ ಹೋದರೆ ಮೇಣದಬತ್ತಿ ಹಚ್ಚುವ ಅಭ್ಯಾಸ ನಮಗೆ ಇನ್ನೂ ಬಿಟ್ಟಿಲ್ಲ. ಅಸಿಟೋನ್ ಬಾಟಲಿ ತೆರೆದಿರುವ ಕೋಣೆಯಲ್ಲಿ ಬೆಂಕಿಕಡ್ಡಿ ಗೀರಬೇಡಿ. ಟಾರ್ಚ್ ಇಟ್ಟುಕೊಳ್ಳಿ.

ಟೇಪ್ ಎಳೆಯುವುದು

2004ರಲ್ಲಿ ಮ್ಯಾಂಚೆಸ್ಟರ್‌ನ ಗೈಮ್ ಮತ್ತು ನೊವೊಸೆಲೊವ್ ಗ್ರಾಫೀನ್ ತೆಗೆದದ್ದು ಟೇಪ್‌ನಿಂದಲೇ. 2010ರಲ್ಲಿ ಅವರಿಗೆ ನೊಬೆಲ್ ಬಂತು. ವಿಧಾನ ಈಗಲೂ ಅದೇ.

ವೇಫರ್ ತುಂಡನ್ನು ಅಸಿಟೋನ್‌ನಲ್ಲಿ ಐದು ನಿಮಿಷ, ಆಲ್ಕೋಹಾಲ್‌ನಲ್ಲಿ ಐದು ನಿಮಿಷ ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿ ಇಡಿ. ಕನ್ನಡಕದ ಅಂಗಡಿಯಲ್ಲಿ ಇರುತ್ತದಲ್ಲ, ಆ ಥರದ ಚಿಕ್ಕ ತೊಟ್ಟಿ ಸಾಕು. ತೆಗೆದ ಕೂಡಲೇ ಊದಿ ಒಣಗಿಸಿ. ತಾನಾಗಿ ಒಣಗಲು ಬಿಟ್ಟರೆ ಕಲೆ ಉಳಿಯುತ್ತದೆ.

ಹರಳನ್ನು ಟೇಪ್ ಮೇಲಿಟ್ಟು ಮೆಲ್ಲಗೆ ಒತ್ತಿ ತೆಗೆಯಿರಿ. ಹೊಳೆಯುವ ಬೂದು ಬಣ್ಣದ ಗುರುತು ಉಳಿಯುತ್ತದೆ. ಅದರ ಪಕ್ಕದ ಖಾಲಿ ಜಾಗವನ್ನು ಅದರ ಮೇಲೆ ಮಡಚಿ, ಬಿಡಿಸಿ. ಒಂದು ಗುರುತು ಎರಡಾಯಿತು. ಮತ್ತೆ ಮಡಚಿ, ಬಿಡಿಸಿ. ಐದರಿಂದ ಎಂಟು ಸಲ. ಅದಕ್ಕಿಂತ ಜಾಸ್ತಿ ಮಾಡಿದರೆ ಪದರ ತೆಳ್ಳಗಾಗುವ ಬದಲು ಚಕ್ಕೆಗಳು ಚೂರುಚೂರಾಗುತ್ತವೆ. ಹೊಸಬರೆಲ್ಲ ಇಲ್ಲಿ ಆಸೆಬುರುಕರಾಗುತ್ತಾರೆ, ಇಪ್ಪತ್ತು ಸಲ ಮಡಚಿ ಬೂದಿ ಮಾಡಿಕೊಂಡು ಬರುತ್ತಾರೆ.

ಈಗ ಟೇಪನ್ನು ವೇಫರ್ ಮೇಲೆ ಹಚ್ಚಿ. ಹೆಬ್ಬೆರಳಿನಿಂದ ಒಂದು ನಿಮಿಷ ಒತ್ತಿ ಸವರಿ. ಆಮೇಲೆ ಒಂದು ಮೂಲೆಯಿಂದ ಟೇಪನ್ನು ಮಲಗಿಸಿದ ಹಾಗೇ ಹಿಂದಕ್ಕೆ ಎಳೆಯಿರಿ. ಎರಡು ಸೆಂಟಿಮೀಟರ್ ಬಿಡಿಸಲು ಒಂದೆರಡು ನಿಮಿಷ ಬೇಕು. ಗಾಯದ ಪಟ್ಟಿ ಕೀಳುವ ಹಾಗೆ ಫಟ್ ಅಂತ ಎಳೆದರೆ ಅಂಟೂ ಉಳಿಯುತ್ತದೆ, ಚಕ್ಕೆಯೂ ಹರಿಯುತ್ತದೆ.

ನಮ್ಮ ಕಡೆಯವರಿಗೆ ಎರಡು ಮಾತು ಬೇರೆಯಾಗಿ ಹೇಳಬೇಕು. ಬೇಸಿಗೆಯಲ್ಲಿ ಈ ಕೆಲಸವನ್ನು ಬೆಳಗ್ಗೆ ಏಳು ಗಂಟೆಗೆ ಮುಗಿಸಿಬಿಡಿ. ಮಧ್ಯಾಹ್ನದ ಸೆಕೆಗೆ ಟೇಪ್‌ನ ಅಂಟು ಮೆತ್ತಗಾಗಿ ವೇಫರ್ ಮೇಲೆಲ್ಲ ಹರಡುತ್ತದೆ. ಎರಡನೆಯದು, ಫ್ಯಾನ್ ಬಂದ್ ಮಾಡಿ. ಬೆವರು ಇಳಿದರೂ ಪರವಾಗಿಲ್ಲ.

ಈ ಬುದ್ಧಿ ನನಗೆ ಪುಕ್ಕಟೆ ಬಂದದ್ದಲ್ಲ. ಮೊದಲ ಸಲ ಏಪ್ರಿಲ್ ಮಧ್ಯಾಹ್ನ ಫ್ಯಾನ್ ಕೆಳಗೆ ಕೂತು ಟೇಪ್ ಎಳೆದೆ. ಮೈಕ್ರೋಸ್ಕೋಪ್‌ನಲ್ಲಿ ತೆಳು ನೀಲಿಯ ಚಂದದ ಚಕ್ಕೆಗಳು. ಒಂಟಿ ಪದರ ಸಿಕ್ಕಿತು ಅಂತ ಎರಡು ವಾರ ಅದರದೇ ಫೋಟೋ ತೆಗೆದೆ, ಊರಿಗೆಲ್ಲ ತೋರಿಸಿದೆ. ಕೊನೆಗೆ ಒಬ್ಬ ವಿದ್ಯಾರ್ಥಿ ಅದನ್ನು ಅಸಿಟೋನ್‌ಗೆ ಹಾಕಿದ. ಚಕ್ಕೆಗಳು ಕರಗಿ ಹೋದವು. ಅದು ಟೇಪಿನ ಅಂಟು. ಮಾಲಿ ಅಸಿಟೋನ್‌ನಲ್ಲಿ ಕರಗುವುದಿಲ್ಲ. ಅಂದಿನಿಂದ ಫೋಟೋ ತೆಗೆಯುವ ಮೊದಲು ಅಸಿಟೋನ್ ಸ್ನಾನ ಕಡ್ಡಾಯ. ಅಂಟಿನ ಅಂಚು ದುಂಡು ದುಂಡು. ಹರಳಿನ ಅಂಚು ನೇರ, ಮೂಲೆಗಳು ಬಹಳ ಸಲ 60 ಅಥವಾ 120 ಡಿಗ್ರಿ. ಇದು ಗೊತ್ತಿದ್ದರೆ ನಿಮ್ಮ ಎರಡು ವಾರ ಉಳಿಯುತ್ತದೆ.

ಹುಡುಕುವುದು

ಬಯಾಲಜಿ ಲ್ಯಾಬ್‌ನ ಮೈಕ್ರೋಸ್ಕೋಪ್ ಇಲ್ಲಿ ಕೆಲಸಕ್ಕೆ ಬಾರದು. ಅದರಲ್ಲಿ ದೀಪ ಕೆಳಗಿರುತ್ತದೆ, ಸಿಲಿಕಾನ್ ಆ ಬೆಳಕನ್ನು ಬಿಡುವುದಿಲ್ಲ. ಮೇಲಿನಿಂದ ಬೆಳಕು ಬೀಳುವ ಮೈಕ್ರೋಸ್ಕೋಪ್ ಬೇಕು, ಲೋಹ ನೋಡುತ್ತಾರಲ್ಲ ಅಂಥದ್ದು. ನಿಮ್ಮ ವಿಭಾಗದಲ್ಲಿ ಇಲ್ಲದಿದ್ದರೆ ಜಿಯಾಲಜಿಯವರನ್ನು ಕೇಳಿ. ಅದಿರು ನೋಡಲು ಅವರು ಇಂಥದ್ದೇ ಬಳಸುತ್ತಾರೆ.

10 ಪಟ್ಟು ಲೆನ್ಸ್‌ನಲ್ಲಿ ಹೊಲ ಉಳುವ ಹಾಗೆ ಸಾಲು ಸಾಲಾಗಿ ನೋಡುತ್ತಾ ಹೋಗಿ. ಹಳದಿ, ಬಿಳಿಯಾಗಿ ಹೊಳೆಯುವುದೆಲ್ಲ ದಪ್ಪ ಚಕ್ಕೆ, ಬಿಡಿ. ಅವುಗಳ ಅಂಚಿನಲ್ಲಿ ನೀಲಿ, ಅದರಾಚೆ ಇನ್ನೂ ತೆಳ್ಳಗೆ, ಹಿನ್ನೆಲೆಯ ನೇರಳೆಯಿಂದ ಬಿಡಿಸಿ ನೋಡಲೂ ಕಷ್ಟವಾಗುವ ಒಂದು ನೆರಳು. ಅದೇ. ಸಿಗುವುದು ಬಹಳ ಸಲ 5ರಿಂದ 20 ಮೈಕ್ರೋಮೀಟರ್ ಅಗಲ, ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಮೊದಲ ದಿನ "ಏನೂ ಕಾಣವಲ್ದು ಸರ್" ಅನ್ನುವುದು ಸಹಜ. ಮೂರನೇ ದಿನ ಕಣ್ಣು ಪಳಗುತ್ತದೆ.

ಸಿಕ್ಕ ಮೇಲೆ 50 ಅಥವಾ 100 ಪಟ್ಟು ಲೆನ್ಸ್ ಹಾಕಿ ಫೋಟೋ. ಐಪೀಸ್‌ಗೆ ಫೋನ್ ಹಿಡಿದರೂ ಆದೀತು, ಆದರೆ ಪರದೆಯನ್ನು ಒತ್ತಿ ಹಿಡಿದು ಎಕ್ಸ್‌ಪೋಶರ್ ಲಾಕ್ ಮಾಡಿ, ವೈಟ್ ಬ್ಯಾಲೆನ್ಸ್ ಆಟೋದಿಂದ ತೆಗೆಯಿರಿ. ಇಲ್ಲದಿದ್ದರೆ ಫೋನ್ ತಾನೇ ಜಾಣತನ ಮಾಡಿ ನಮಗೆ ಬೇಕಾದ ಬಣ್ಣದ ವ್ಯತ್ಯಾಸವನ್ನೇ ಅಳಿಸಿಬಿಡುತ್ತದೆ.

ಫೋಟೋವನ್ನು ಇಮೇಜ್-ಜೆ ಅನ್ನುವ ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ ತೆರೆದು ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆ ಮಾಡಿ. ಯಾವುದರಲ್ಲಿ ಚಕ್ಕೆ ಹೆಚ್ಚು ಎದ್ದು ಕಾಣುತ್ತದೋ ಅದರ ಮೇಲೆ ಹಿನ್ನೆಲೆಯಿಂದ ಚಕ್ಕೆಗೆ ಒಂದು ಗೆರೆ ಎಳೆಯಿರಿ. ಗ್ರಾಫ್‌ನಲ್ಲಿ ಮೆಟ್ಟಿಲು ಕಾಣುತ್ತದೆ. ತೆಳ್ಳಗಿನ ಕೆಲವು ಪದರಗಳವರೆಗೆ ಮೆಟ್ಟಿಲುಗಳು ಹೆಚ್ಚೂ ಕಡಿಮೆ ಒಂದೇ ಎತ್ತರ. ಮೊದಲ ಮೆಟ್ಟಿಲು ಒಂದು ಪದರ, ಎರಡನೆಯದು ಎರಡು. ಒಂದು ಚಕ್ಕೆಯಲ್ಲೇ ಎರಡು ಮೂರು ಮೆಟ್ಟಿಲು ಇದ್ದರೆ ನಿಮ್ಮ ಪುಣ್ಯ, ಹೋಲಿಸಲು ಬೇರೆ ಚಕ್ಕೆ ಹುಡುಕಬೇಕಿಲ್ಲ.

ಚಕ್ಕೆಯ ಜಾಗವನ್ನು ವೇಫರ್‌ನ ಮೂಲೆಯಿಂದ ಅಳೆದು ನೋಟ್‌ಬುಕ್‌ನಲ್ಲಿ ಚಿತ್ರ ಬರೆದಿಡಿ. ಬೆಂಗಳೂರಿನಲ್ಲಿ ಮಷೀನ್ ಮುಂದೆ ಒಂದೇ ಗಂಟೆ ಸಿಕ್ಕಾಗ ಈ ಚಿತ್ರವೇ ಗತಿ.

ಪುಡಿ, ಯುವಿ-ವಿಸ್, ಮತ್ತು ಎಲ್ಲರೂ ಬೀಳುವ ಹೊಂಡ

ಟೇಪ್‌ನ ಚಕ್ಕೆ ಮಾಮೂಲಿ ಯುವಿ-ವಿಸ್ ಮಷೀನ್‌ಗೆ ತುಂಬಾ ಚಿಕ್ಕದು. ಅದರ ಬೆಳಕಿನ ಕಿರಣ ಮಿಲಿಮೀಟರ್ ಲೆಕ್ಕದ್ದು. ಇಲ್ಲಿ ಪುಡಿ ಕೆಲಸಕ್ಕೆ ಬರುತ್ತದೆ. ಎಥನಾಲ್ ಮತ್ತು ನೀರು ಹೆಚ್ಚೂ ಕಡಿಮೆ ಅರ್ಧಕ್ಕರ್ಧ ಸೇರಿಸಿ. ಎಥನಾಲ್ ಕೂದಲೆಳೆ ಕಡಿಮೆ ಇರಲಿ, 45 ಪಾಲು. ಪುಡಿ ಹಾಕಿ ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿ ಕೆಲವು ಗಂಟೆ ಬಿಡಿ. ತೊಟ್ಟಿಯ ನೀರು ಬಿಸಿಯಾಗುತ್ತದೆ, ಆಗಾಗ ಮಂಜುಗಡ್ಡೆ ಹಾಕಿ. ಆಮೇಲೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ದಪ್ಪದ್ದೆಲ್ಲ ತಳಕ್ಕೆ ಕೂರುತ್ತದೆ. ಮೇಲಿನ ಹಸಿರು ಹಳದಿ ನೀರನ್ನು ಪಿಪೆಟ್‌ನಿಂದ ತೆಗೆದುಕೊಳ್ಳಿ. ಕರಿ ಪುಡಿಯಿಂದ ಹಸಿರು ನೀರು ಬಂದಾಗ ಹುಡುಗರ ಮುಖ ನೋಡಬೇಕು.

ಯುವಿ-ವಿಸ್‌ಗೆ ಹಾಕಿದರೆ 670ರಿಂದ 680 ನ್ಯಾನೋಮೀಟರ್ ಹತ್ತಿರ ಒಂದು ಗುಬ್ಬು, 610ರಿಂದ 620ರ ಹತ್ತಿರ ಇನ್ನೊಂದು. ಮೊದಲನೆಯದಕ್ಕೆ ಎ, ಎರಡನೆಯದಕ್ಕೆ ಬಿ ಅಂತ ಹೆಸರು. ಎರಡೂ ಎಕ್ಸಿಟಾನ್‌ಗಳೇ. ಎರಡು ಯಾಕೆ? ಮಾಲಿಬ್ಡಿನಮ್ ಭಾರದ ಪರಮಾಣು. ಅದರಲ್ಲಿ ಎಲೆಕ್ಟ್ರಾನಿನ ಸ್ಪಿನ್ ಮತ್ತು ಓಟ ಒಂದಕ್ಕೊಂದು ತಗಲಿಕೊಂಡು ಕೆಳಗಿನ ಬ್ಯಾಂಡ್ ಸುಮಾರು 0.15 ಇವಿ ಅಂತರದಲ್ಲಿ ಎರಡಾಗಿ ಸೀಳಿರುತ್ತದೆ. ಟಂಗ್‌ಸ್ಟನ್ ಇನ್ನೂ ಭಾರ, ಹಾಗಾಗಿ ಟಂಗ್‌ಸ್ಟನ್ ಡೈಸಲ್ಫೈಡ್‌ನಲ್ಲಿ ಈ ಸೀಳು ಸುಮಾರು 0.4 ಇವಿ. ಎರಡೂ ಪುಡಿ ಮಾಡಿ ಪಕ್ಕಪಕ್ಕ ಅಳೆದರೆ ಅದೇ ಒಂದು ಒಳ್ಳೆ ಪ್ರಾಜೆಕ್ಟ್. ಲೆಕ್ಕ ಸುಲಭ: 1240ನ್ನು ನ್ಯಾನೋಮೀಟರ್‌ನಿಂದ ಭಾಗಿಸಿದರೆ ಇವಿ ಬರುತ್ತದೆ. 1240 ಭಾಗಿಸು 675 ಅಂದರೆ 1.84. 1240 ಭಾಗಿಸು 615 ಅಂದರೆ 2.02. ವ್ಯತ್ಯಾಸ 0.18, ಇದರಲ್ಲಿ ಬಹುಪಾಲು ಆ ಸೀಳಿನದು.

ಇನ್ನು ಹೊಂಡ. ಯುವಿ-ವಿಸ್ ಡೇಟಾ ಕೈಗೆ ಬಂದ ಕೂಡಲೇ ನಮ್ಮ ಹುಡುಗರ ಕೈ ತಾನಾಗಿ ಟಾಕ್ ಪ್ಲಾಟ್ ಹಾಕುತ್ತದೆ. ಎಕ್ಸೆಲ್‌ನಲ್ಲಿ ವರ್ಗ ಮಾಡು, ನೇರ ಭಾಗಕ್ಕೆ ಗೆರೆ ಎಳೆ, ಕೆಳಗೆ ಮುಟ್ಟಿದಲ್ಲಿ ಬ್ಯಾಂಡ್ ಗ್ಯಾಪ್. ಸೀನಿಯರ್ ಮಾಡಿದ್ದ, ಅದಕ್ಕೆ ನಾನೂ ಮಾಡಿದೆ. ಇದು ಇಲ್ಲಿ ತಪ್ಪು, ಸಣ್ಣ ತಪ್ಪೂ ಅಲ್ಲ.

ಟಾಕ್ ಈ ವಿಧಾನವನ್ನು 1966ರಲ್ಲಿ ಕೊಟ್ಟದ್ದು ಹರಳಾಗದ ಜರ್ಮೇನಿಯಂಗೆ. ಅಲ್ಲಿ ಎಕ್ಸಿಟಾನ್ ಗುಬ್ಬುಗಳಿಲ್ಲ. ಎಲೆಕ್ಟ್ರಾನ್ ಮತ್ತು ಹೋಲ್ ಒಂದನ್ನೊಂದು ಎಳೆಯುವುದೇ ಇಲ್ಲ ಅಂತ ಇಟ್ಟುಕೊಂಡು ಆ ಗೆರೆ ಎಳೆಯುವುದು. ನಮ್ಮ ಮಾಲಿಯಲ್ಲಿ ಆ ಎಳೆತವೇ ಕತೆ ಎಲ್ಲ. ಎ ಗುಬ್ಬಿನ ಇಳಿಜಾರಿಗೆ ಗೆರೆ ಎಳೆದರೆ ಬರುವ ಸಂಖ್ಯೆ ಬ್ಯಾಂಡ್ ಗ್ಯಾಪ್ ಅಲ್ಲ, ಎಕ್ಸಿಟಾನ್‌ನ ಅಂಚು. ನಿಜವಾದ ಬ್ಯಾಂಡ್ ಗ್ಯಾಪ್ ಅದಕ್ಕಿಂತ ಮೇಲೆ, ಬೈಂಡಿಂಗ್ ಎನರ್ಜಿಯಷ್ಟು ಮೇಲೆ ಇರುತ್ತದೆ. ಸಾಲದ್ದಕ್ಕೆ ಈ ನೀರಿನಲ್ಲಿ ಒಂಟಿ ಪದರ ಕಡಿಮೆ, ನಾಲ್ಕಾರು ಪದರದ ಚಕ್ಕೆಗಳೇ ಜಾಸ್ತಿ. ಅವು ಬೆಳಕನ್ನು ಚದುರಿಸಿ ಇಡೀ ಗ್ರಾಫನ್ನೇ ಮೇಲೆತ್ತುತ್ತವೆ. ಆ ಎತ್ತಿದ ಭಾಗಕ್ಕೂ ಗೆರೆ ಎಳೆದು ಗ್ಯಾಪ್ 1.4 ಅಂತ ಬರೆದ ರಿಪೋರ್ಟ್ ನಾನೇ ತಿದ್ದಿದ್ದೇನೆ.

ಹಾಗಾದರೆ ಏನು ಮಾಡಬೇಕು? ಗುಬ್ಬಿನ ತುದಿ ಎಲ್ಲಿದೆ ಅಂತ ಓದಿ. ಬುಡದ ಇಳಿಜಾರನ್ನು ಕಳೆದು ಓದಿದರೆ ಇನ್ನೂ ಒಳ್ಳೆಯದು. ಅದನ್ನು "ಎ ಎಕ್ಸಿಟಾನ್ ಶಕ್ತಿ" ಅಂತಲೇ ಬರೆಯಿರಿ. ಆಪ್ಟಿಕಲ್ ಗ್ಯಾಪ್ ಅಂದರೂ ಸರಿ. ಬ್ಯಾಂಡ್ ಗ್ಯಾಪ್ ಅನ್ನಬೇಡಿ.

ಒಂದು ಉದಾಹರಣೆ ಇಟ್ಟುಕೊಳ್ಳಿ, ವೈವಾದಲ್ಲಿ ಕೆಲಸಕ್ಕೆ ಬರುತ್ತದೆ. 2014ರಲ್ಲಿ ಚೆರ್ನಿಕೊವ್ ಮತ್ತು ಜೊತೆಗಾರರು ಆಕ್ಸೈಡ್ ಮೇಲಿನ ಒಂಟಿ ಪದರದ ಟಂಗ್‌ಸ್ಟನ್ ಡೈಸಲ್ಫೈಡನ್ನು ತುಂಬಾ ತಂಪು ಮಾಡಿ, ಹೊರಳಿ ಬರುವ ಬೆಳಕಿನಲ್ಲಿ ಎಕ್ಸಿಟಾನ್‌ನ ಮೇಲಿನ ಮಟ್ಟಗಳನ್ನೂ ಒಂದೊಂದಾಗಿ ಹುಡುಕಿದರು. ಎ ಎಕ್ಸಿಟಾನ್ 2.09 ಇವಿಯಲ್ಲಿ. ಮಟ್ಟಗಳು ಹೋಗಿ ಸೇರುವ ಬ್ಯಾಂಡ್ ಗ್ಯಾಪ್ 2.41 ಇವಿಯಲ್ಲಿ. ನಡುವೆ 0.32. ಬರೀ ಮೊದಲ ಗುಬ್ಬು ನೋಡಿ ಗ್ಯಾಪ್ ಅಂದಿದ್ದರೆ ಆಗುತ್ತಿದ್ದ ತಪ್ಪು ಇಷ್ಟು. ಇನ್ನೊಂದು ಸೋಜಿಗ, ಆ ಮಟ್ಟಗಳು ಹೈಡ್ರೋಜನ್ ಪಾಠದ ಲೆಕ್ಕದಂತೆ ಕೂತಿರಲಿಲ್ಲ.

ಕ್ಯಾಲ್ಕುಲೇಟರ್ ತೆಗೆಯಿರಿ

ಹೈಡ್ರೋಜನ್ ಅಂದ ಮೇಲೆ ಈ ಲೆಕ್ಕ ಇಲ್ಲೇ ಮಾಡಿಬಿಡೋಣ. ಎಕ್ಸಿಟಾನ್ ಅಂದರೆ ಎಲೆಕ್ಟ್ರಾನ್, ಹೋಲ್ ಸೇರಿದ ಹೈಡ್ರೋಜನ್ ಥರದ್ದೇ. 13.6 ಇವಿಯನ್ನು ಜೋಡಿಯ ತೂಕದಿಂದ (ರೆಡ್ಯೂಸ್ಡ್ ಮಾಸ್, ಎಲೆಕ್ಟ್ರಾನ್ ತೂಕದ ಲೆಕ್ಕದಲ್ಲಿ) ಗುಣಿಸಿ, ಡೈಎಲೆಕ್ಟ್ರಿಕ್ ಸಂಖ್ಯೆಯ, ಅಂದರೆ ವಸ್ತು ಎಳೆತವನ್ನು ಎಷ್ಟು ಮಂಕು ಮಾಡುತ್ತದೆ ಅನ್ನುವ ಸಂಖ್ಯೆಯ, ವರ್ಗದಿಂದ ಭಾಗಿಸಿ. ಗ್ಯಾಲಿಯಂ ಆರ್ಸೆನೈಡ್‌ಗೆ ತೂಕ 0.058, ಡೈಎಲೆಕ್ಟ್ರಿಕ್ 12.9. ಬರುವುದು 0.0047 ಇವಿ. ಅಳೆದದ್ದು ಸುಮಾರು 0.004. ಭೇಷ್.

ಅದೇ ಲೆಕ್ಕ ಮಾಲಿಗೆ ಮಾಡಿ. ತೂಕ 0.25, ಡೈಎಲೆಕ್ಟ್ರಿಕ್ ಸುಮಾರು 10 ಇಟ್ಟುಕೊಳ್ಳಿ. 0.034 ಬರುತ್ತದೆ. ಹಾಳೆಯಲ್ಲಿ ಸಿಕ್ಕಿಬಿದ್ದ ಹೈಡ್ರೋಜನ್ ನಾಲ್ಕು ಪಟ್ಟು ಗಟ್ಟಿ ಅಂತ ಪುಸ್ತಕದಲ್ಲಿದೆ, ನಾಲ್ಕರಿಂದ ಗುಣಿಸಿ: 0.14. ಆದರೂ ಸಾಲದು. ಯಾಕೆ ಸಾಲದು? ಮಾಳಿಗೆ ಮಾತು ನೆನಪಿಸಿಕೊಳ್ಳಿ. 10 ಅನ್ನೋದು ದಪ್ಪ ಹರಳಿನ ಗದ್ದಲ. ಹಾಳೆಯಲ್ಲಿ ಗದ್ದಲ ದೂರದ ಮೇಲೆ ಬದಲಾಗುತ್ತದೆ. ಹತ್ತಿರದಲ್ಲಿ ಇದೆ, ದೂರ ಹೋದಷ್ಟೂ ಇಲ್ಲ. ಒಂದೇ ಡೈಎಲೆಕ್ಟ್ರಿಕ್ ಸಂಖ್ಯೆ ಇಟ್ಟು ಈ ಲೆಕ್ಕ ಹೊಂದುವುದಿಲ್ಲ. ರಿಟೊವಾ 1967ರಲ್ಲಿ, ಕೆಲ್ಡಿಶ್ 1979ರಲ್ಲಿ ತೆಳು ಹಾಳೆಗೆ ಸರಿಹೊಂದುವ ಎಳೆತದ ಸೂತ್ರ ಕೊಟ್ಟಿದ್ದರು. ಒಂಟಿ ಪದರ ಕೈಗೆ ಸಿಗುವ ಎಷ್ಟೋ ವರ್ಷ ಮೊದಲು.

ಆ ಸೂತ್ರ ಬಿಡಿಸಲು ಕಂಪ್ಯೂಟರ್ ಬೇಕು. ಆದರೆ 2016ರಲ್ಲಿ ಡೆನ್ಮಾರ್ಕ್‌ನ ಒಂದು ತಂಡ ಅದರಿಂದ ಕೈಲೆಕ್ಕಕ್ಕೆ ಸಿಗುವ ಒಂದು ಅಂದಾಜು ತೆಗೆಯಿತು. ಹಾಳೆ ಎಷ್ಟು ಸುಲಭಕ್ಕೆ ಧ್ರುವೀಕರಣಗೊಳ್ಳುತ್ತದೆ ಅನ್ನುವ ಒಂದೇ ಸಂಖ್ಯೆ ಸಾಕು. ಮಾಲಿಗೆ ಅದು 6.6 ಆಂಗ್‌ಸ್ಟ್ರಾಮ್. 0.529ರಿಂದ ಭಾಗಿಸಿದರೆ 12.5. ಅದನ್ನು 4 ಪೈನಿಂದ ಗುಣಿಸಿದರೆ ಸುಮಾರು 157. ಮೂರನ್ನು ಅದರಿಂದ ಭಾಗಿಸಿ, 27.2ರಿಂದ ಗುಣಿಸಿ. 0.52 ಇವಿ. ಗಾಳಿಯಲ್ಲಿ ತೇಲುವ ಒಂಟಿ ಪದರಕ್ಕೆ ದೊಡ್ಡ ಲೆಕ್ಕಗಳು ಕೊಡುವುದೂ ಅರ್ಧ ಇವಿ ಆಸುಪಾಸೇ. ತಮಾಷೆ ನೋಡಿ, ಈ ಅಂದಾಜಿನಲ್ಲಿ ತೂಕದ ಮಾತೇ ಇಲ್ಲ. ನಿಮ್ಮ ಚಕ್ಕೆ ಆಕ್ಸೈಡ್ ಮೇಲೆ ಕೂತಿರುವುದರಿಂದ ನಿಜದ ಸಂಖ್ಯೆ ಇದಕ್ಕಿಂತ ಕಡಿಮೆ ಇರುತ್ತದೆ. ಕೆಳಗಿನ ಮಾಳಿಗೆಯಲ್ಲಿ ಗದ್ದಲ ಇದೆ ಅಲ್ವಾ?

ಕಂಪ್ಯೂಟರ್ ಇಷ್ಟ ಇದ್ದವರಿಗೆ ಕ್ವಾಂಟಮ್ ಎಸ್ಪ್ರೆಸ್ಸೊ, ಯಾಂಬೊ ಅನ್ನುವ ಎರಡು ಸಾಫ್ಟ್‌ವೇರ್ ಪುಕ್ಕಟೆ. ಆದರೆ ಎಕ್ಸಿಟಾನ್‌ವರೆಗೆ ಹೋಗುವ ಲೆಕ್ಕ ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲಿ ಒಂದು ಸೆಮಿಸ್ಟರ್‌ಗೆ ಮುಗಿಯುವ ಕೆಲಸ ಅಲ್ಲ. ಕೆಲ್ಡಿಶ್ ಸೂತ್ರವನ್ನು ಪೈಥಾನ್‌ನಲ್ಲಿ ಬಿಡಿಸಿ, ಅದು ಎರಡು ವಾರದ ಕೆಲಸ.

ಬೆಂಗಳೂರಿನ ಒಂದು ದಿನ

ರಾಮನ್ (ವಸ್ತುವಿನ ಕಂಪನದಿಂದ ಲೇಸರ್ ಬೆಳಕಿನ ಬಣ್ಣ ಎಷ್ಟು ಸರಿಯುತ್ತದೆ ಅಂತ ಅಳೆಯುವುದು) ಮತ್ತು ಪಿಎಲ್, ಅಂದರೆ ಫೋಟೋಲ್ಯೂಮಿನೆಸೆನ್ಸ್ (ಬೆಳಕು ಹೀರಿದ ವಸ್ತು ತಿರುಗಿ ಕೊಡುವ ಬೆಳಕು), ಎರಡೂ ಮೈಕ್ರೋಸ್ಕೋಪ್ ಜೋಡಿಸಿದ ಮಷೀನ್‌ನಲ್ಲಿ ಆಗಬೇಕು. ಮೊದಲು ಜ್ಞಾನಗಂಗಾ (ಗುಲಬರ್ಗಾ ವಿಶ್ವವಿದ್ಯಾಲಯ), ಕಡಗಂಚಿ (ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ) ಎರಡೂ ಕಡೆ ಕೇಳಿ ನೋಡಿ. ಆಗದಿದ್ದರೆ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ಕೇಂದ್ರಕ್ಕೆ ಐಎನ್‌ಯುಪಿ ಅನ್ನುವ ಯೋಜನೆಯಲ್ಲಿ ಹೊರಗಿನವರೂ ಅರ್ಜಿ ಹಾಕಬಹುದು. ಅರ್ಜಿ ಜೊತೆ ಇಮೇಜ್-ಜೆ ಮೆಟ್ಟಿಲಿನ ಗ್ರಾಫ್ ಇಡಿ. ಕೆಲಸ ಶುರು ಮಾಡಿದ್ದೀರಿ ಅಂತ ಅವರಿಗೂ ಗೊತ್ತಾಗುತ್ತದೆ.

ಮೊದಲು ರಾಮನ್. ಸಿಲಿಕಾನ್‌ನ ಗೆರೆ 520.5ರ (ರಾಮನ್ ಸಂಖ್ಯೆಗಳೆಲ್ಲ ಸೆಂಟಿಮೀಟರ್ ಇನ್ವರ್ಸ್‌ನಲ್ಲಿ) ಹತ್ತಿರ ಬರುತ್ತದೋ ನೋಡಿ ಮಷೀನ್ ಸರಿ ಇದೆ ಅಂತ ಖಾತ್ರಿ ಮಾಡಿಕೊಳ್ಳಿ. ಮಾಲಿಗೆ ಎರಡು ಗೆರೆ, 384 ಮತ್ತು 403ರ ಆಸುಪಾಸು. ನೋಡಬೇಕಾದದ್ದು ನಡುವಿನ ಅಂತರ. 18ರಿಂದ 19 ಇದ್ದರೆ ಒಂದು ಪದರ, 21ರಿಂದ 22 ಇದ್ದರೆ ಎರಡು, ದಪ್ಪ ಹರಳಿಗೆ 25. ಲೇಸರ್ ಶಕ್ತಿ 1 ಮಿಲಿವಾಟ್‌ಗಿಂತ ಕಡಿಮೆ ಇರಲಿ. ಮೊದಲ ಸಲ ನಾವು ಸಿಗ್ನಲ್ ಸಾಲದು ಅಂತ ಶಕ್ತಿ ಏರಿಸಿದೆವು. ಸಿಗ್ನಲ್ ಏರಿತು, ಆಮೇಲೆ ಪೂರ್ತಿ ಹೋಯಿತು. ನೋಡಿದರೆ ಚಕ್ಕೆಯ ನಡುವೆ ದುಂಡಗೆ ತೂತು.

ಆಮೇಲೆ ಪಿಎಲ್. ಅದೇ ಲೇಸರ್, ಬೇರೆ ಗ್ರೇಟಿಂಗ್. ಒಂಟಿ ಪದರದ ಮೇಲೆ ಇಟ್ಟರೆ 670ರ ಹತ್ತಿರ ದೊಡ್ಡ ಗುಡ್ಡ, 620ರ ಹತ್ತಿರ ಚಿಕ್ಕದು. ಅದೇ ಚಕ್ಕೆಯ ಎರಡು ಪದರದ ಭಾಗಕ್ಕೆ ಸರಿಸಿ. ವಸ್ತು ಎರಡು ಪಟ್ಟು, ಬೆಳಕು ಮಾತ್ರ ಎಷ್ಟೋ ಕಡಿಮೆ. 2010ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಕಂಡದ್ದು ಇದನ್ನೇ. ದಪ್ಪ ಮಾಲಿಯ ಗ್ಯಾಪ್ ಸುಮಾರು 1.3 ಇವಿ, ಅದೂ ಓರೆಯಾದ ಗ್ಯಾಪ್. ಎಲೆಕ್ಟ್ರಾನ್ ನೇರ ಕೆಳಗಿಳಿಯಲಾರದು, ಬೆಳಕು ಕೊಡಲಾರದು. ಒಂಟಿ ಪದರದಲ್ಲಿ ದಾರಿ ನೇರವಾಗುತ್ತದೆ. ಪದರ ಎಣಿಸಲು ಇದಕ್ಕಿಂತ ಚಂದದ ಸಾಕ್ಷಿ ಇಲ್ಲ.

ಗುಡ್ಡದ ಕೆಂಪು ಬದಿ ಸ್ವಲ್ಪ ಊದಿಕೊಂಡಿದ್ದರೆ ಗಾಬರಿ ಬೇಡ. ಮಾಲಿಯಲ್ಲಿ ಹೆಚ್ಚಿನ ಎಲೆಕ್ಟ್ರಾನ್‌ಗಳು ಮೊದಲೇ ಇರುತ್ತವೆ. ಜೋಡಿಗೆ ಇನ್ನೊಂದು ಎಲೆಕ್ಟ್ರಾನ್ ಅಂಟಿಕೊಂಡರೆ ಅದು ಟ್ರಯಾನ್, ಎ ಎಕ್ಸಿಟಾನ್‌ಗಿಂತ 20ರಿಂದ 40 ಮಿಲಿ ಇವಿ ಕೆಳಗೆ. ಎರಡು ಗುಡ್ಡ ಇಟ್ಟು ಫಿಟ್ ಮಾಡಿ.

ರೂಮಿನ ಬಿಸಿಯನ್ನೂ ಬರೆದುಕೊಳ್ಳಿ. ಬಿಸಿ ಏರಿದರೆ ಗುಡ್ಡ ಡಿಗ್ರಿಗೆ ಸುಮಾರು 0.3ರಿಂದ 0.4 ಮಿಲಿ ಇವಿ ಕೆಂಪಿನ ಕಡೆ ಸರಿಯುತ್ತದೆ. 22 ಡಿಗ್ರಿ ಎಸಿಯಲ್ಲಿ ಅಳೆದದ್ದಕ್ಕೂ ನಮ್ಮ 40 ಡಿಗ್ರಿಯಲ್ಲಿ ಅಳೆದದ್ದಕ್ಕೂ ಎರಡು ನ್ಯಾನೋಮೀಟರ್‌ಗೂ ಹೆಚ್ಚು ವ್ಯತ್ಯಾಸ ಬರಬಹುದು. ಗೊತ್ತಿಲ್ಲದಿದ್ದರೆ ಅದನ್ನೇ ಹೊಸ ಶೋಧ ಅಂದುಕೊಳ್ಳುತ್ತೀರಿ.

ಹೋಗುವಾಗ ವೇಫರನ್ನು ಮುಚ್ಚಳದ ಚಿಕ್ಕ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಕೆಳಗೆ ಮೆತ್ತನೆಯ ಜೆಲ್ ಹಾಳೆ ಹಾಕಿ ಇಡಿ. ಹತ್ತಿ ಬೇಡ, ಎಳೆ ಅಂಟುತ್ತದೆ. ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಒಂದು ಜೊತೆಗಿರಲಿ. ತಿಂಗಳುಗಟ್ಟಲೆ ಗಾಳಿಗೆ ಬಿಟ್ಟರೆ ಒಂಟಿ ಪದರ ಅಂಚಿನಿಂದ ಹಾಳಾಗುತ್ತದೆ, ಅದಕ್ಕೇ ಟೇಪ್ ಎಳೆದ ವಾರದೊಳಗೆ ಉದ್ಯಾನ್ ಎಕ್ಸ್‌ಪ್ರೆಸ್ ಟಿಕೆಟ್ ಮಾಡಿಸಿ. ಡಬ್ಬಿಯನ್ನು ಬ್ಯಾಗಿನಲ್ಲಿ ರೊಟ್ಟಿ ಬುತ್ತಿಯ ಜೊತೆ ಇಡಬೇಡಿ. ಅಂಗಿಯ ಜೇಬಿನಲ್ಲಿಡಿ, ಮೇಲೆ ಯಾವ ಬದಿ ಚಕ್ಕೆ ಇದೆ ಅಂತ ಮಾರ್ಕರ್‌ನಿಂದ ಬಾಣ ಹಾಕಿ. ನಮ್ಮವನೊಬ್ಬ ಬೆಂಗಳೂರಿನವರೆಗೆ ಹೋಗಿ ವೇಫರ್ ಬೋರಲು ಹಾಕಿ, ಒಂದು ಗಂಟೆ ಅದರ ಬೆನ್ನನ್ನೇ ಅಳೆದು ಬಂದಿದ್ದ.